ಪಕ್ಕದ ಮನೆಯವರ ಕಾಟಕ್ಕೆ ಸಾಕ್ಷ್ಯ ಕೂಡಿಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೇಲಿನ ಮನೆಯ ಸ್ಪೀಕರ್, ಗೇಟಿಗೆ ಅಡ್ಡ ನಿಲ್ಲಿಸಿದ ಕಾರು, ಕಾಂಪೌಂಡ್ ದಾಟಿ ಬಂದು ಬೀಳುವ ಕಸದ ಕವರ್, ಕೇಳಲು ಹೋದರೆ ಬೈಗುಳ. ಇದೆಲ್ಲ ನಡೆಯುತ್ತಿದೆ ಅಂತ ನಿಮಗೆ ಗೊತ್ತು, ಬೀದಿಗೂ ಗೊತ್ತು. ಠಾಣೆಯಲ್ಲಿ, ಕೋರ್ಟಿನಲ್ಲಿ ಕೂತವರಿಗೆ ಗೊತ್ತಿಲ್ಲ. ಅವರು ನಂಬುವ ಹಾಗೆ ದಾಖಲೆ ಮಾಡುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ಕಾನೂನು ಮೈಸೂರಿಗೂ ಹುಬ್ಬಳ್ಳಿಗೂ ಅದೇ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಹಾಗಾಗಿ ಕೆಳಗಿನ ಕಲಂ ಸಂಖ್ಯೆಗಳು ಹೊಸ ಕಾನೂನಿನವು.

ಎಲ್ಲಿಂದ ಶುರು ಮಾಡಬೇಕು? ಮೊದಲು ಕ್ಯಾಮೆರಾ ಹಾಕಿಸಲಾ?

ಬೇಡ. ಮೊದಲು ಒಂದು ನೋಟ್‌ಬುಕ್ ತಗೊಳ್ಳಿ. ಪುಟ ಕಿತ್ತರೆ ಗೊತ್ತಾಗುವಂಥ, ಹೊಲಿಗೆ ಹಾಕಿದ ಬೈಂಡ್ ಪುಸ್ತಕ. ಪುಟಗಳಿಗೆ ನಂಬರ್ ಹಾಕಿ. ಘಟನೆ ನಡೆದ ಗಂಟೆಯಲ್ಲೇ ಬರೆಯಿರಿ. ವಾರಕ್ಕೊಮ್ಮೆ ಕೂತು ನೆನಪು ಮಾಡಿಕೊಂಡು ಬರೆದರೆ ಅದರ ಬೆಲೆ ಅರ್ಧ ಹೋಯಿತು.

ಯಾಕೆಂದರೆ ಕೇಸು ವಿಚಾರಣೆಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿರುತ್ತವೆ. ಆಗ 'ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಇರಬೇಕು' ಅಂದರೆ ಎದುರು ವಕೀಲರಿಗೆ ಅಷ್ಟೇ ಸಾಕು. ಭಾರತೀಯ ಸಾಕ್ಷ್ಯ ಅಧಿನಿಯಮದ 162ನೇ ಕಲಂ ಇಲ್ಲಿ ನಿಮ್ಮ ಕೈ ಹಿಡಿಯುತ್ತದೆ. ಘಟನೆ ನಡೆದಾಗಲೇ ಅಥವಾ ನೆನಪು ಹಸಿಯಾಗಿದ್ದಾಗಲೇ ನೀವು ಬರೆದಿಟ್ಟದ್ದನ್ನು ಕಟಕಟೆಯಲ್ಲಿ ನೋಡಿಕೊಂಡು ಉತ್ತರ ಹೇಳಬಹುದು.

ಇದಕ್ಕೊಂದು ಬಾಲ ಇದೆ. 164ನೇ ಕಲಂ ಪ್ರಕಾರ ಎದುರು ಪಕ್ಷ ಕೇಳಿದರೆ ಆ ಬರಹವನ್ನು ಅವರಿಗೂ ತೋರಿಸಬೇಕು. ಅದರ ಮೇಲೆ ಪಾಟೀಸವಾಲು ಮಾಡಬಹುದು. ಅಂದರೆ ನಿಮ್ಮ ಪುಸ್ತಕವನ್ನು ಒಂದಲ್ಲ ಒಂದು ದಿನ ಅವರ ವಕೀಲರು ಓದುತ್ತಾರೆ ಅಂದುಕೊಂಡೇ ಬರೆಯಿರಿ. ಸಿಟ್ಟಿನಲ್ಲಿ ಬರೆದ ಒಂದು ಕೆಟ್ಟ ಮಾತು ಸಾಕು, 'ಇವರಿಗೆ ಮೊದಲಿಂದಲೂ ದ್ವೇಷ' ಎಂದು ವಾದ ಕಟ್ಟಲು.

ಒಂದು ಎಂಟ್ರಿ ಹೇಗಿರಬೇಕು?

ಹೆಚ್ಚಿನವರು ಬರೆಯುವುದು ಹೀಗೆ: 'ಇವತ್ತೂ ರಾತ್ರಿಯೆಲ್ಲ ಗಲಾಟೆ. ನಿದ್ದೆ ಇಲ್ಲ. ಬೇಕಂತಲೇ ಮಾಡ್ತಾರೆ.' ಇದರಿಂದ ಏನೂ ಗಿಟ್ಟುವುದಿಲ್ಲ. ಬದಲಿಗೆ ಈ ಮಾದರಿ ನೋಡಿ:

'ಶನಿವಾರ, 14-02-2026. ರಾತ್ರಿ 11:20ರಿಂದ 1:05. ಮೇಲಿನ 302ರಲ್ಲಿ ಸ್ಪೀಕರ್ ಹಾಡು, ಬೇಸ್ ಜಾಸ್ತಿ. ನಮ್ಮ ಮಲಗುವ ಕೋಣೆಯ ಕಿಟಕಿ, ಬಾಗಿಲು ಮುಚ್ಚಿತ್ತು. ಆದರೂ ಹಾಡಿನ ಮಾತು ಬಿಡಿಸಿ ಕೇಳುತ್ತಿತ್ತು. ಬೀರುವಿನ ಗಾಜು ಅದುರುತ್ತಿತ್ತು. 11:40 ಇಂಟರ್‌ಕಾಮ್ ಮಾಡಿದೆ, ಎತ್ತಲಿಲ್ಲ. 11:52 ಕ್ಕೆ 112ಕ್ಕೆ ಫೋನ್. 12:25 ಹೊಯ್ಸಳ (ಪೊಲೀಸ್ ಗಸ್ತು ವಾಹನ) ಬಂತು, ಸದ್ದು ನಿಂತಿತು. 12:40 ಮತ್ತೆ ಶುರು. ಕೇಳಿದವರು: 201ರವರು, ರಾತ್ರಿ ಪಾಳಿ ಸೆಕ್ಯೂರಿಟಿ. ನನ್ನ ಫೋನಿನಲ್ಲಿ ವಿಡಿಯೊ 2, 11:31 ಮತ್ತು 12:44. ಬರೆದದ್ದು 1:15.'

ಇದರಲ್ಲಿ ಬೈಗುಳವೂ ಇಲ್ಲ, ಊಹೆಯೂ ಇಲ್ಲ. 'ಬೇಕಂತಲೇ' ಅನ್ನುವುದು ನಿಮ್ಮ ಅನಿಸಿಕೆ. ಪೊಲೀಸರು ಬಂದು ಹೋದ ಹದಿನೈದು ನಿಮಿಷಕ್ಕೆ ಮತ್ತೆ ಹಾಡು ಶುರುವಾಯಿತು ಎಂದು ಬರೆದರೆ ಓದುವವರೇ ಆ ತೀರ್ಮಾನಕ್ಕೆ ಬರುತ್ತಾರೆ. ಬೈಗುಳ ಕೇಳಿಸಿಕೊಂಡರೆ 'ಅಸಭ್ಯವಾಗಿ ಬೈದರು' ಅಂತ ಬರೆಯಬೇಡಿ. ಬೈದ ಮಾತನ್ನು ಇದ್ದಂತೆಯೇ, ಅವರ ಭಾಷೆಯಲ್ಲೇ ಬರೆಯಿರಿ. ಓದಲು ಮುಜುಗರ ಆಗಬಹುದು, ಆಗಲಿ. ಬೆದರಿಕೆ ಹಾಕಿದ್ದಾರೋ ಇಲ್ಲವೋ ಎಂದು ತೀರ್ಮಾನ ಆಗುವುದು ಆ ಪದಗಳ ಮೇಲೇ.

ಸದ್ದಿಲ್ಲದ ದಿನಗಳನ್ನೂ ಒಂದು ಸಾಲಿನಲ್ಲಿ ಬರೆಯಿರಿ. ನೀವೂ ಜೋರಾಗಿ ಮಾತಾಡಿದ್ದರೆ ಅದನ್ನೂ. ಮೂರು ತಿಂಗಳು ಒಂದು ದಿನವೂ ಬಿಡದೆ ಕಾಟ ಅಂತ ಬರೆದ ಪುಸ್ತಕವನ್ನು ಯಾರೂ ಪೂರ್ತಿ ನಂಬುವುದಿಲ್ಲ.

ಪುಸ್ತಕ ಯಾಕೆ, ಫೋನಿನಲ್ಲೇ ಬರೆದುಕೊಂಡರೆ ಆಗಲ್ವಾ?

ಆಗುತ್ತೆ. ಆದರೆ ಅದು ಎಲೆಕ್ಟ್ರಾನಿಕ್ ದಾಖಲೆ ಆಗುತ್ತದೆ, ಮುಂದಿನ ಪ್ರಶ್ನೆಯ ಸರ್ಟಿಫಿಕೇಟ್ ತಲೆನೋವು ಅದಕ್ಕೂ ಬರುತ್ತದೆ. ಫೋನೇ ಬೇಕು ಅಂದರೆ ಬರೆದದ್ದನ್ನು ಆ ರಾತ್ರಿಯೇ ನಿಮ್ಮದೇ ಇ-ಮೇಲ್‌ಗೆ ಕಳಿಸಿಕೊಳ್ಳಿ. ಆಮೇಲೆ ತಿದ್ದಿಲ್ಲ ಎಂದು ತೋರಿಸಲು ಅದರ ದಿನಾಂಕ ಸಹಾಯಕ್ಕೆ ಬರುತ್ತದೆ.

ನಾನು ಮಾಡಿದ ವಿಡಿಯೊ ಕೋರ್ಟಿನಲ್ಲಿ ನಡೆಯುತ್ತಾ?

ನಡೆಯುತ್ತೆ, ಸರಿಯಾಗಿ ಇಟ್ಟುಕೊಂಡಿದ್ದರೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನ ಒಳ್ಳೆಯ ಸಾಕ್ಷ್ಯ ಹಾಳಾಗುವುದು ಇಲ್ಲೇ.

ಪೆನ್‌ಡ್ರೈವ್‌ಗೋ ಸಿಡಿಗೋ ಹಾಕಿದ ಪ್ರತಿ ಕೊಡುವುದಾದರೆ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಅದರ ಜೊತೆ ಸರ್ಟಿಫಿಕೇಟ್ ಬೇಕು. ಹಳೆಯ ಕಾಯ್ದೆಯಲ್ಲಿ ಇದೇ '65ಬಿ'. ವಕೀಲರು ಇನ್ನೂ ಬಾಯಲ್ಲಿ ಹಾಗೇ ಅನ್ನುತ್ತಾರೆ. 2014ರ ಅನ್ವರ್ ಪ್ರಕರಣದಲ್ಲೂ 2020ರ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಈ ಸರ್ಟಿಫಿಕೇಟ್ ಕಡ್ಡಾಯ ಎಂದಿದೆ. ರೆಕಾರ್ಡ್ ಮಾಡಿದ ಮೂಲ ಫೋನನ್ನೇ ಕೋರ್ಟಿಗೆ ಒಪ್ಪಿಸಿ, ಅದರ ಮಾಲೀಕರೇ ಸಾಕ್ಷಿ ಹೇಳಿದರೆ ಬೇಡ ಎಂದೂ 2020ರ ತೀರ್ಪಿನಲ್ಲಿದೆ. ವರ್ಷಗಟ್ಟಲೆ ಫೋನ್ ಬಿಟ್ಟುಕೊಡಲು ಯಾರಿಗಾಗುತ್ತೆ?

ಹೊಸ ಸರ್ಟಿಫಿಕೇಟ್‌ನಲ್ಲಿ ಎರಡು ಭಾಗ. 'ಎ' ಭಾಗಕ್ಕೆ ನೀವು ಸಹಿ ಹಾಕಬೇಕು, 'ಬಿ' ಭಾಗಕ್ಕೆ ತಜ್ಞರು. ಯಾವ ಸಾಧನ, ಅದರ ಮಾದರಿ, ಗುರುತಿನ ಸಂಖ್ಯೆ ಇವುಗಳ ಜೊತೆ ಫೈಲಿನ 'ಹ್ಯಾಶ್' ಕೂಡ ಬರೆಯಬೇಕು. ಹ್ಯಾಶ್ ಅಂದರೆ ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಒಂದು ಉದ್ದ ಸಂಖ್ಯೆ. ಒಂದು ಸೆಕೆಂಡ್ ಕತ್ತರಿಸಿದರೂ ಅದು ಪೂರ್ತಿ ಬದಲಾಗುತ್ತದೆ.

ಹಾಗಾಗಿ ವಿಡಿಯೊಗೆ ಕೈ ಹಚ್ಚಬೇಡಿ. ಟ್ರಿಮ್ ಮಾಡಬೇಡಿ, ಮೇಲೆ ಅಕ್ಷರ ಹಾಕಬೇಡಿ, ಸದ್ದು ಜಾಸ್ತಿ ಮಾಡಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಫೈಲನ್ನು ಕುಗ್ಗಿಸುತ್ತದೆ, ತೆಗೆದ ಸಮಯದ ವಿವರಗಳೂ ಕಳೆದುಹೋಗುತ್ತವೆ. ಕಳಿಸಲೇಬೇಕಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ. ಮೂಲ ಫೈಲ್ ಫೋನಿನಲ್ಲೇ ಇರಲಿ, ಒಂದು ಪ್ರತಿ ಹಾರ್ಡ್ ಡಿಸ್ಕ್‌ನಲ್ಲಿ ಇರಲಿ. ಫೋನ್ ಎಕ್ಸ್‌ಚೇಂಜ್‌ಗೆ ಕೊಡುವ ಮೊದಲು ವಕೀಲರನ್ನು ಒಂದು ಮಾತು ಕೇಳಿ. ದೀಪಾವಳಿ ಆಫರ್‌ನಲ್ಲಿ ಸಾಕ್ಷ್ಯವನ್ನೇ ಮಾರಿ ಬಂದವರಿದ್ದಾರೆ.

ವಿಡಿಯೊದಲ್ಲಿ ಏನು ಇರಬೇಕು?

ಮೊದಲು ಗೋಡೆ ಗಡಿಯಾರ, ಆಮೇಲೆ ಮುಚ್ಚಿದ ಕಿಟಕಿ, ಆಮೇಲೆ ಸುಮ್ಮನೆ ಒಂದೆರಡು ನಿಮಿಷ ಸದ್ದು. ಮಧ್ಯೆ ಮನೆಯವರು ಯಾರಾದರೂ ಮಾಮೂಲಿ ದನಿಯಲ್ಲಿ ಎರಡು ಮಾತಾಡಲಿ. ಕೇಳುವವರಿಗೆ ಹೋಲಿಸಲು ಒಂದು ಅಳತೆ ಸಿಗುತ್ತದೆ. ಹಿಂದೆ ನಿಮ್ಮ ಕಾಮೆಂಟರಿ ಬೇಡ. ಕಾರು ಅಡ್ಡ ನಿಲ್ಲಿಸಿದ್ದರೆ ನಂಬರ್ ಪ್ಲೇಟ್ ಒಂದೇ ಸಾಲದು. ಪ್ಲೇಟ್, ಗೇಟ್, ಅಕ್ಕಪಕ್ಕದ ಗುರುತು ಮೂರೂ ಒಂದೇ ಫ್ರೇಮಿನಲ್ಲಿ ಬರಬೇಕು.

ಅವರ ಬಾಗಿಲಿಗೆ ಹೋಗಿ ಮುಖಕ್ಕೆ ಫೋನ್ ಹಿಡಿದು ತೆಗೆದ ಜಗಳದ ವಿಡಿಯೊ ಎಲ್ಲಕ್ಕಿಂತ ಕೆಟ್ಟ ಸಾಕ್ಷ್ಯ. ಅದರಲ್ಲಿ ನೀವೂ ಕಿರುಚುತ್ತಿರುತ್ತೀರಿ. ಅವರೂ ಅದೇ ಹೊತ್ತಿಗೆ ನಿಮ್ಮನ್ನು ಶೂಟ್ ಮಾಡುತ್ತಿರುತ್ತಾರೆ.

ಸಿಸಿಟಿವಿ ಹಾಕಿಸಿದರೆ?

ನಿಮ್ಮ ಬಾಗಿಲು, ನಿಮ್ಮ ಗೇಟು, ನಿಮ್ಮ ಪಾರ್ಕಿಂಗ್ ಕಡೆ ಹಾಕಿಸಿ. ಅವರ ಕಿಟಕಿ, ಬಾಲ್ಕನಿ, ಬಚ್ಚಲ ಕಡೆ ತಿರುಗಿಸಿದರೆ ದೂರುದಾರರಾದ ನೀವೇ ಆರೋಪಿ ಆಗಬಹುದು. ಮಹಿಳೆಯರ ಖಾಸಗಿ ಕ್ಷಣ ಸೆರೆ ಹಿಡಿಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂನಡಿ ಅಪರಾಧ. ಐಟಿ ಕಾಯ್ದೆಯ 66ಇ ಕಲಂ ಗಂಡು, ಹೆಣ್ಣು ಇಬ್ಬರ ಖಾಸಗಿತನವನ್ನೂ ಕಾಯುತ್ತದೆ.

ಡಿವಿಆರ್, ಅಂದರೆ ಕ್ಯಾಮೆರಾ ದೃಶ್ಯ ರೆಕಾರ್ಡ್ ಆಗುವ ಪೆಟ್ಟಿಗೆಯ ಗಡಿಯಾರ ಸರಿಯಿದೆಯಾ ನೋಡಿ. ಸ್ಕ್ರೀನಿನಲ್ಲಿ ಮಧ್ಯಾಹ್ನ ಮೂರು, ಪುಸ್ತಕದಲ್ಲಿ ರಾತ್ರಿ ಹನ್ನೊಂದು ಅಂದರೆ ಎರಡೂ ಬಿದ್ದುಹೋಗುತ್ತವೆ. ಡಿಸ್ಕ್ ತುಂಬಿದ ಮೇಲೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ. ಅಪಾರ್ಟ್‌ಮೆಂಟಿನ ಕ್ಯಾಮೆರಾದಲ್ಲಿ ಘಟನೆ ಬಿದ್ದಿದ್ದರೆ ಮರುದಿನವೇ ಅಸೋಸಿಯೇಷನ್‌ಗೆ 'ಇಂಥ ದಿನ, ಇಷ್ಟರಿಂದ ಇಷ್ಟು ಗಂಟೆಯ ದೃಶ್ಯ ಉಳಿಸಿ' ಎಂದು ಬರಹದಲ್ಲಿ ಕೊಡಿ. ಬಾಯಿ ಮಾತಿಗೆ 'ಆಯ್ತು ಸಾರ್' ಅಂತಾರೆ, ಅಷ್ಟೇ.

ಅವರ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಬಹುದಾ?

ನಿಮ್ಮ ಜೊತೆಯೇ ಆಡಿದ ಮಾತಾದರೆ ಸಾಮಾನ್ಯವಾಗಿ ಸಾಕ್ಷ್ಯವಾಗಿ ಕೊಡಬಹುದು. 1972ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಮಲ್ಕಾನಿ ಪ್ರಕರಣದಿಂದಲೂ ಕೋರ್ಟ್‌ಗಳು ನೋಡುವುದು ಮೂರು ವಿಷಯ: ವಿಚಾರಕ್ಕೆ ಸಂಬಂಧ ಇದೆಯಾ, ದನಿ ಯಾರದ್ದು ಎಂದು ಗುರುತಿಸಲು ಆಗುತ್ತಾ, ತಿದ್ದಿಲ್ಲ ತಾನೇ. ಅವರ ಮನೆಯೊಳಗಿನ ಮಾತು ಕದ್ದು ಕೇಳುವುದು, ಮೈಕ್ ಇಡುವುದು ಬೇರೆಯೇ ವಿಷಯ. ಅದಕ್ಕೆ ಕೈ ಹಾಕಬೇಡಿ. ಕೆಣಕಿ ಮಾತಾಡಿಸಿ ರೆಕಾರ್ಡ್ ಮಾಡಿದ್ದು ಕೇಳಿದ ತಕ್ಷಣ ಗೊತ್ತಾಗುತ್ತದೆ.

ಫೋನಿನ ಡೆಸಿಬೆಲ್ ಆ್ಯಪ್ ಸಾಕಾ?

ಅದೊಂದನ್ನೇ ನೆಚ್ಚಬೇಡಿ. ಶಬ್ದ ಮಾಲಿನ್ಯ ನಿಯಮಗಳು, 2000 ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಅಂದರೆ 10ರಿಂದ ಬೆಳಗ್ಗೆ 6. ಮನೆಯ ಸೌಂಡ್ ಸಿಸ್ಟಮ್ ಸದ್ದು ಆ ಮನೆಯ ಗಡಿಯಲ್ಲಿ ಈ ಮಿತಿಗಿಂತ 5 ಡೆಸಿಬೆಲ್‌ಗಿಂತ ಹೆಚ್ಚು ಮೀರಬಾರದು. ಅಂದರೆ ರಾತ್ರಿ 50. ಇದನ್ನು ಸಾಬೀತು ಮಾಡಲು ಪರೀಕ್ಷಿಸಿದ ಮೀಟರ್ ಬೇಕು. ಒಂದೊಂದು ಫೋನಿನ ಮೈಕ್ ಒಂದೊಂದು ಥರ ತೋರಿಸುತ್ತದೆ. ಆ್ಯಪ್ ತೋರಿಸಿದ್ದನ್ನು ಪುಸ್ತಕದಲ್ಲಿ 'ಆ್ಯಪ್ ಪ್ರಕಾರ ಇಷ್ಟು' ಎಂದು ಬರೆಯಿರಿ, ಬೇಡ ಅನ್ನುವುದಿಲ್ಲ. ಹೆಚ್ಚು ಅಂದರೆ ಮೀಟರ್ ತಂದು ಅಳೆಯಿರಿ ಎಂದು ಅಧಿಕಾರಿಗಳನ್ನು ಒತ್ತಾಯಿಸಲು ಅದೊಂದು ಕಾರಣ ಆಗುತ್ತದೆ.

ತುಂಬ ಜನ ಗಮನಿಸದ ವಿಷಯ ಬೇರೆ. ಟೆರೇಸ್ ಮೇಲೆ, ಶಾಮಿಯಾನದಲ್ಲಿ, ಬೀದಿಯಲ್ಲಿ ಧ್ವನಿವರ್ಧಕ ಹಾಕಿದ್ದರೆ ಡೆಸಿಬೆಲ್ ಜಗಳವೇ ಬೇಡ. ರಾತ್ರಿ 10ರ ನಂತರ ಅದು ನಿಷಿದ್ಧ. ಹಗಲಿನಲ್ಲೂ ಲಿಖಿತ ಅನುಮತಿ ಬೇಕು. ಹಬ್ಬ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆ ರಾತ್ರಿ 12ರವರೆಗೆ ಸಡಿಲಿಸಲು ರಾಜ್ಯ ಸರ್ಕಾರಕ್ಕೆ ಅಧಿಕಾರ ಇದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಹೀಗಾಗಿ ಇಲ್ಲಿ ನೀವು ಸಾಬೀತು ಮಾಡಬೇಕಾದ್ದು ಎಷ್ಟು ಸದ್ದು ಅನ್ನುವುದನ್ನಲ್ಲ, ಎಷ್ಟು ಗಂಟೆ ಅನ್ನುವುದನ್ನು.

ಠಾಣೆಗೆ ಹೋದರೆ 'ಇದು ಸಿವಿಲ್ ಮ್ಯಾಟರ್' ಅಂತಾರೆ. ನಿಜವಾ?

ಕೆಲವೊಮ್ಮೆ ನಿಜ, ಕೆಲವೊಮ್ಮೆ ಸಾಗಹಾಕುವ ಮಾತು. ತೊಂದರೆ ನಿಮ್ಮೊಬ್ಬರಿಗಾ, ಸುತ್ತಮುತ್ತಲಿನ ಎಲ್ಲರಿಗಾ ಎಂಬುದು ಮೊದಲ ಪ್ರಶ್ನೆ. ನಾಲ್ಕಾರು ಮನೆಗೆ ಆಗುತ್ತಿದ್ದರೆ ಅದು ನ್ಯಾಯ ಸಂಹಿತೆಯ 270ನೇ ಕಲಂ ಹೇಳುವ ಸಾರ್ವಜನಿಕ ಉಪದ್ರವ ಆಗಬಹುದು. ಶಿಕ್ಷೆ 292ರಡಿ ಬರೀ ದಂಡ, ಹೆಚ್ಚೆಂದರೆ 1000 ರೂಪಾಯಿ. ಇಷ್ಟಕ್ಕಾ ಇಷ್ಟು ಓಡಾಟ ಅನ್ನಿಸುತ್ತೆ ಅಲ್ವಾ? ನಿಜವಾದ ಹಿಡಿತ ಇರುವುದು ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂನಲ್ಲಿ. ಉಪವಿಭಾಗದ ಮ್ಯಾಜಿಸ್ಟ್ರೇಟ್, ಅಂದರೆ ಜಿಲ್ಲೆಗಳಲ್ಲಿ ಎಸಿ (ಅಸಿಸ್ಟೆಂಟ್ ಕಮಿಷನರ್), 'ಇದನ್ನು ನಿಲ್ಲಿಸಿ, ಇಲ್ಲವೇ ಬಂದು ಕಾರಣ ಹೇಳಿ' ಎಂದು ಆದೇಶ ಕೊಡಬಹುದು. ಕೈ ಕೈ ಮಿಲಾಯಿಸುವ ಹಂತ ತಲುಪಿದ್ದರೆ 126ನೇ ಕಲಂನಡಿ ಶಾಂತಿ ಕಾಪಾಡುವ ಬಾಂಡ್ ಬರೆಸಬಹುದು. ಅದು ಇಬ್ಬರ ಮೇಲೂ ಆಗಬಹುದು, ನೆನಪಿರಲಿ.

ನಿಮ್ಮೊಬ್ಬರ ಗೋಡೆ, ನಿಮ್ಮೊಬ್ಬರ ಚರಂಡಿಯ ವಿಷಯ ಆದರೆ ಸಿವಿಲ್ ಕೋರ್ಟ್‌ನಲ್ಲಿ ತಡೆಯಾಜ್ಞೆ ಕೇಳಬೇಕು. ಅಲ್ಲಿ ಪೊಲೀಸರು ಹೇಳುವುದು ಸರಿ.

ಸಾದಾ ಬೆದರಿಕೆ, ಬೈಗುಳ ಇವು ಹೆಚ್ಚಾಗಿ 'ಎನ್‌ಸಿ' (ನಾನ್-ಕಾಗ್ನಿಜಬಲ್, ಅಸಂಜ್ಞೇಯ ಅಪರಾಧ) ಪಟ್ಟಿಯಲ್ಲಿ ಬರುತ್ತವೆ. ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲ. ಆದರೆ ದಾಖಲಿಸಿಕೊಳ್ಳಲೇಬೇಕು. ಮತ್ತೊಂದು ವಿಷಯ ದಿನಾಂಕದ್ದು. ಬರೀ ದಂಡದ ಅಪರಾಧಗಳಿಗೆ ಕಾಲಮಿತಿ ಆರು ತಿಂಗಳು. ಎರಡು ವರ್ಷದ ಹಳೆಯ ವಿಡಿಯೊ ಹಿನ್ನೆಲೆ ತೋರಿಸಲು ಬಂದೀತು, ಅದರ ಮೇಲೇ ಕೇಸು ನಿಲ್ಲುವುದಿಲ್ಲ.

ದೂರು ಕೊಟ್ಟೆ, ಇಸ್ಕೊಂಡರು, ಕಳಿಸಿದರು. ಈಗೇನು?

ಸೀಲು ಹಾಕಿಸಿಕೊಂಡಿರಾ? ಇಲ್ಲದಿದ್ದರೆ ಕಾಗದದ ಲೆಕ್ಕದಲ್ಲಿ ನೀವು ಹೋಗೇ ಇಲ್ಲ. ಯಾವಾಗಲೂ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದರ ಮೇಲೆ ಠಾಣೆಯ ಸೀಲು, ದಿನಾಂಕ, ಸಹಿ. 'ಸಾಹೇಬ್ರು ಇಲ್ಲ, ಇಟ್ಟು ಹೋಗಿ' ಅಂದರೆ ಅದೇ ದೂರನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಮತ್ತು ತಲುಪಿದ ವಿವರ ಎತ್ತಿಡಿ. ವಿಚಾರಣೆ ಮಾಡಿ ಮುಗಿಸಿದ್ದರೆ ಹಿಂಬರಹ, ಅಂದರೆ ಏನು ಮಾಡಿದರು ಎಂಬ ಠಾಣೆಯ ಲಿಖಿತ ಉತ್ತರ ಕೇಳಿ. 'ಎದುರುದಾರರನ್ನು ಕರೆಸಿ ಬುದ್ಧಿ ಹೇಳಲಾಗಿದೆ' ಎಂಬ ಒಂದು ಸಾಲಿನ ಹಿಂಬರಹ ನೋಡಲು ಏನೂ ಅಲ್ಲ. ಆದರೆ ಅದಾದ ಮೇಲೂ ಕಾಟ ಮುಂದುವರಿದರೆ, 'ಎಚ್ಚರಿಕೆ ಕೊಟ್ಟರೂ ನಿಲ್ಲಿಸಿಲ್ಲ' ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಕಾಗದ ಇಲ್ಲ.

112ಕ್ಕೆ ಮಾಡಿದ ಕರೆಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಏನು ಕ್ರಮ ಆಯಿತು ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಕಥೆ ಹೇಳದೆ ದಿನಾಂಕ, ಸಮಯ, ದೂರಿನ ಸಂಖ್ಯೆ ಮಾತ್ರ ಬರೆಯಿರಿ.

ಎಲ್ಲರೂ ಬೇಸತ್ತಿದ್ದಾರೆ, ಸಾಕ್ಷಿ ಹೇಳಲು ಮಾತ್ರ ಯಾರೂ ಬರಲ್ಲ.

ಎಲ್ಲ ಕಡೆಯೂ ಇದೇ ಗೋಳು. 'ಕೋರ್ಟಿಗೆ ಬನ್ನಿ' ಅಂದರೆ ಯಾರೂ ಬರುವುದಿಲ್ಲ. 'ನಿಮ್ಮ ಮನೆಯಲ್ಲಿ ಕೇಳಿದ್ದನ್ನು ನೀವೇ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿ, ಅಸೋಸಿಯೇಷನ್‌ಗೆ ಕೊಡಿ' ಅಂದರೆ ಇಬ್ಬರಾದರೂ ಒಪ್ಪುತ್ತಾರೆ. ನೀವು ಟೈಪ್ ಮಾಡಿ ಹತ್ತು ಜನರ ಸಹಿ ಹಾಕಿಸಿದ ಅರ್ಜಿಗಿಂತ, ಬೇರೆ ಬೇರೆ ಕೈಬರಹದ ಎರಡು ಚೀಟಿ ಮೇಲು. ಸಾಕ್ಷಿ ತಾನೇ ಕಂಡದ್ದು, ಕೇಳಿದ್ದನ್ನು ಹೇಳಬೇಕು, 'ಅವರು ಹೇಳಿದರು' ಅನ್ನುವುದು ನಡೆಯಲ್ಲ.

ಮನುಷ್ಯರು ಬಾರದಿದ್ದರೂ ದಾಖಲೆಗಳು ಇರುತ್ತವೆ. ಸೆಕ್ಯೂರಿಟಿ ರಿಜಿಸ್ಟರ್, ಅಸೋಸಿಯೇಷನ್ ಸಭೆಯ ನಡಾವಳಿ, ಗೇಟ್ ಆ್ಯಪ್‌ನಲ್ಲಿ ಹಾಕಿದ ದೂರು, ಬಿಪಿ ಏರಿದೆ ಎಂದು ತೋರಿಸಿದ ದಿನದ ವೈದ್ಯರ ಚೀಟಿ. ನಿಮಗಾಗಿ ಹುಟ್ಟಿದ ದಾಖಲೆ ಅಲ್ಲವಾದ್ದರಿಂದ ಇವಕ್ಕೆ ತೂಕ ಜಾಸ್ತಿ.

ಮೇಲಿನ ಮನೆಯ ಬಚ್ಚಲಿಂದ ನಮ್ಮ ಸೀಲಿಂಗ್ ಸೋರುತ್ತಿದೆ.

ಒಂದೇ ಜಾಗದಿಂದ, ಪಕ್ಕದಲ್ಲಿ ಸ್ಕೇಲ್ ಹಿಡಿದು, ವಾರಕ್ಕೊಂದು ಫೋಟೊ ತೆಗೆಯಿರಿ. ಕಲೆ ಬೆಳೆದದ್ದು ತಾನಾಗಿ ಕಾಣುತ್ತದೆ. ಮಳೆ ಇಲ್ಲದ ದಿನಗಳ ಫೋಟೊ ಇರಲೇಬೇಕು, ಇಲ್ಲವಾದರೆ 'ಅದು ಮಳೆ ನೀರು' ಅಂತಾರೆ. ಮೇಲಿನವರು ಒಪ್ಪಿದರೆ ಪ್ಲಂಬರ್ ಅವರ ಬಚ್ಚಲಿಗೆ ಬಣ್ಣದ ನೀರು ಬಿಟ್ಟು ನೋಡಬಹುದು. ಒಪ್ಪದಿದ್ದರೆ ಅವರ ಮನೆಗೆ ನುಗ್ಗಲು ಆಗಲ್ಲವಲ್ಲ. ಆಗ ದಾವೆ ಹೂಡಿ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 26, ನಿಯಮ 9ರಡಿ ಕೋರ್ಟ್ ಕಮಿಷನರ್ ನೇಮಕ ಕೇಳಿ. ಕಮಿಷನರ್ ಸ್ಥಳ ನೋಡಿ ಕೊಡುವ ವರದಿ ನಿಮ್ಮ ನೂರು ಫೋಟೊಗೆ ಸಮ. ಆದರೆ ಆ ಫೋಟೊಗಳು ಇಲ್ಲದಿದ್ದರೆ ಕಮಿಷನರ್ ಕಳಿಸಿ ಎಂದು ಕೋರ್ಟಿಗೆ ಮನವರಿಕೆ ಮಾಡುವುದು ಕಷ್ಟ.

ಜಾತಿ ಹೆಸರು ಹಿಡಿದು ಬೈದರೆ, ಹೆಣ್ಣುಮಕ್ಕಳ ಹಿಂದೆ ಬಿದ್ದರೆ?

ಇದಕ್ಕೆಲ್ಲ ಪುಸ್ತಕ ತುಂಬುವವರೆಗೆ ಕಾಯಬೇಡಿ. ಮೊದಲ ಸಲಕ್ಕೇ ದೂರು ಕೊಡಿ. ಪರಿಶಿಷ್ಟ ಜಾತಿ, ಪಂಗಡದವರನ್ನು ಜಾತಿ ಹಿಡಿದು ಬೈದ ಪ್ರಕರಣದಲ್ಲಿ ಜಾಗ ಮುಖ್ಯ. 'ಸಾರ್ವಜನಿಕರಿಗೆ ಕಾಣುವ ಕಡೆ' ನಡೆದಿರಬೇಕು ಎಂದು 1989ರ ದೌರ್ಜನ್ಯ ತಡೆ ಕಾಯ್ದೆ ಹೇಳುತ್ತದೆ. ಹೊರಗಿನವರು ಯಾರೂ ಇಲ್ಲದ ನಾಲ್ಕು ಗೋಡೆಯ ಒಳಗಿನ ಮಾತು ಇದರಲ್ಲಿ ಬರುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಮೆಟ್ಟಿಲಾ, ಗೇಟಾ, ಬೀದಿಯಾ, ಅಲ್ಲಿ ಯಾರು ಇದ್ದರು ಎಂದು ಬಿಡಿಸಿ ಬರೆಯಿರಿ.

ವಿಡಿಯೊವನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ, ಫೇಸ್‌ಬುಕ್‌ಗೆ ಹಾಕಲಾ?

ಬೇಡ. ನಾಚಿಕೆಯಾಗಿ ಸರಿಹೋಗುತ್ತಾರೆ ಅಂದುಕೊಳ್ಳುತ್ತೀರಿ. ಆಗುವುದು ಮಾನನಷ್ಟದ ನೋಟಿಸ್, ನ್ಯಾಯ ಸಂಹಿತೆಯ 356ನೇ ಕಲಂ. ಅವರ ಮಕ್ಕಳು ವಿಡಿಯೊದಲ್ಲಿದ್ದರಂತೂ ನಿಮ್ಮ ಕಡೆ ಇದ್ದವರೂ ದೂರ ಸರಿಯುತ್ತಾರೆ.

ನಾಯಿ ಬೊಗಳುತ್ತೆ, ಮಕ್ಕಳು ಮೇಲೆ ಓಡಾಡ್ತಾರೆ, ಮೀನು ಹುರಿಯುವ ವಾಸನೆ ಬರುತ್ತೆ...

ನಾಯಿಯನ್ನು ಕಟ್ಟದೆ ಬಿಟ್ಟು ಅದು ಕಚ್ಚಲು ಬರುತ್ತಿದ್ದರೆ ನ್ಯಾಯ ಸಂಹಿತೆಯ 291ನೇ ಕಲಂ ಇದೆ, ದಾಖಲಿಸಿ. ಉಳಿದದ್ದು ಪಕ್ಕದಲ್ಲಿ ಮನುಷ್ಯರಿದ್ದಾರೆ ಅನ್ನುವುದರ ಗುರುತು. ಇದನ್ನೆಲ್ಲ ಪುಸ್ತಕದಲ್ಲಿ ತುಂಬಿಸಿದರೆ ನಿಜವಾದ ದೂರಿನ ತೂಕವೂ ಇಳಿಯುತ್ತದೆ.

ಅವರು ಬಾಡಿಗೆಗೆ ಇರುವವರು.

ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಎರಡು-ಮೂರು ಎಂಟ್ರಿಗಳ ಪ್ರತಿ ಜೊತೆಗಿಡಿ. ಬಾಡಿಗೆ ಕರಾರಿನ ಹನ್ನೊಂದು ತಿಂಗಳು ಮುಗಿಯುತ್ತ ಬಂದಿದ್ದರೆ ಇದಕ್ಕಿಂತ ಬೇಗ ಕೆಲಸ ಮಾಡುವ ದಾರಿ ನಾನು ಕಂಡಿಲ್ಲ.

ವಕೀಲರ ಹತ್ತಿರ ಹೋಗುವಾಗ ಏನೇನು ಒಯ್ಯಬೇಕು?

ಒಂದೇ ಒಂದು ಹಾಳೆ ಮೇಲಿರಲಿ. ಎಡಗಡೆ ದಿನಾಂಕ, ನಡುವೆ ಏನಾಯಿತು ಎಂದು ಒಂದು ಸಾಲು, ಬಲಗಡೆ ಅದಕ್ಕೆ ಏನು ಆಧಾರ: ಪುಸ್ತಕದ ಪುಟ, ವಿಡಿಯೊ ಫೈಲಿನ ಹೆಸರು, ದೂರಿನ ಸ್ವೀಕೃತಿ. ಬಲಗಡೆ ಖಾಲಿ ಇರುವ ಸಾಲುಗಳನ್ನು ಹೊಡೆದುಹಾಕಿ. ನಲವತ್ತು ಘಟನೆ ಹೇಳುವುದಕ್ಕಿಂತ ಗಟ್ಟಿಯಾದ ಆರು ಇದ್ದರೆ ಸಾಕು. ಪುಸ್ತಕದ ಮೂಲ ಪ್ರತಿ ಕೊಡಬೇಡಿ, ಜೆರಾಕ್ಸ್ ಕೊಡಿ.

ವಕೀಲರ ಫೀಸು ಕಷ್ಟ ಅನ್ನುವವರು 15100ಕ್ಕೆ ಫೋನ್ ಮಾಡಿ. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಅವರ ಕಚೇರಿ ಇರುತ್ತದೆ. ಅಲ್ಲಿ ಕೇಸು ಹಾಕುವ ಮೊದಲೇ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಇದೆ. ಆ ಮಾತುಕತೆಗೂ ಆ ಒಂದು ಹಾಳೆಯನ್ನು ಒಯ್ಯಿರಿ.